ಮನೆ ರೂಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡೋದು: ಮೊದಲು ಐಪಿ ನಿಮ್ಮದೇ ಹೌದಾ ನೋಡ್ಕಳಿ

ಕೊನೆಕೊಯ್ಲು ಶುರುವಾದ ಕೂಡ್ಲೆ ನಂಗೆ ಬರೋ ಫೋನು ಜಾಸ್ತಿ ಆಗ್ತದೆ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಅಂಗಳದ ತುಂಬ ಅಡಿಕೆ ಹರವಿದೆ, ಕ್ಯಾಮರಾ ಹಾಕ್ಸಿ ಆಗಿದೆ, ಮನೆ ವೈಫೈಯಲ್ಲಿ ಇದ್ದಾಗ ಚಂದ ಕಾಣ್ತದೆ, ಶಿರಸಿ ಪೇಟೆಗೆ ಬಂದು ಮೊಬೈಲ್ ಡೇಟಾ ಆನ್ ಮಾಡಿದ್ರೆ ಎಂತ ಮಾಡಿದ್ರೂ ಕನೆಕ್ಟ್ ಆಗೋದಿಲ್ಲ. ಯಾವುದೋ ವಿಡಿಯೋ ನೋಡಿ ಪೋರ್ಟ್ ಫಾರ್ವರ್ಡ್ ಅಂತ ರೂಟರಲ್ಲಿ ಎಂತೋ ಹಾಕಿರ್ತಾರೆ, ಅದೂ ಕೆಲಸ ಮಾಡಿರೋದಿಲ್ಲ.

ನಮ್ಮನೇಲಿ ಮೊದಲ ಸಲ ಮಾಡೋಕೆ ಕೂತಾಗ ನಂದೂ ಮೂರು ಸಂಜೆ ಹೋಯ್ತು. ಅಪ್ಪಯ್ಯ, ಆಯಿ ಇಬ್ರೇ ಮನೇಲಿ, ನಾನು ಶಿರಸಿಯಲ್ಲಿ, ಅಕ್ಕ ಕಾರವಾರದಲ್ಲಿ, ಇಬ್ರಿಗೂ ಅಂಗಳ ಕಾಣ್ಬೇಕಿತ್ತು. ರೂಲ್ ಎಲ್ಲ ಸರಿಯಾಗೇ ಹಾಕಿದ್ದೆ, ಒಂದು ಅಂಕಿ ತಪ್ಪಿರ್ಲಿಲ್ಲ, ಹತ್ತು ಸಲ ಅಳಿಸಿ ಮತ್ತೆ ಹಾಕಿದೆ. ಅಕ್ಕ ಫೋನ್ ಮಾಡಿ "ತಮಾ, ಇನ್ನೂ ಅಂಗಳ ಕಾಣ್ತಿಲ್ಲೆ" ಅನ್ನೋದು, ನಾನು ಮತ್ತೆ ರೀಸ್ಟಾರ್ಟ್ ಮಾಡೋದು. ಆಮೇಲೆ ಗೊತ್ತಾಯ್ತು, ನಮ್ಮ ರೂಟರಿಗೆ ಬಂದಿದ್ದ ಐಪಿ ಅಡ್ರೆಸ್ಸೇ (ಇಂಟರ್ನೆಟ್ಟಲ್ಲಿ ನಮ್ಮ ವಿಳಾಸದ ನಂಬರು) ನಮ್ಮದಲ್ಲ. ಹಾಗಾಗಿ ಈಗ ಯಾರು ಕೇಳಿದ್ರೂ ನಾನು ರೂಟರಿನ ರೂಲಿಂದ ಶುರು ಮಾಡೋದೇ ಇಲ್ಲ, ಐಪಿಯಿಂದ ಶುರು ಮಾಡ್ತೆ.

ಸ್ವಲ್ಪ ಇದು ಹ್ಯಾಂಗೆ ನಡೀತದೆ ಅಂತ ಹೇಳ್ಬಿಡ್ತೆ, ಇದು ಗೊತ್ತಿದ್ರೆ ಮುಂದಿನದ್ದೆಲ್ಲ ತಾನಾಗೇ ಅರ್ಥ ಆಗ್ತದೆ. ಮನೇಲಿ ಮೊಬೈಲು ಟಿವಿ ಕ್ಯಾಮರಾ ಸೇರಿ ಹತ್ತು ಸಾಮಾನು ಇದ್ರೂ ಹೊರಗಿನ ಇಂಟರ್ನೆಟ್ಟಿಗೆ ಕಾಣೋದು ಒಂದೇ ಐಪಿ, ಅದು ರೂಟರಿಂದು. ಒಳಗಿನ ಮೊಬೈಲು ಎಂತಾದ್ರೂ ಕೇಳಿದ್ರೆ ಉತ್ತರ ಬಂದಾಗ ರೂಟರಿಗೆ ಕೇಳಿದ್ದು ಯಾರು ಅಂತ ನೆನಪಿರ್ತದೆ, ಅವರಿಗೇ ಕೊಡ್ತದೆ. ಆದ್ರೆ ಹೊರಗಿಂದ ತಾನಾಗಿ ಯಾರೋ ಬಂದ್ರೆ ಯಾರ ಹತ್ರ ಕಳಿಸ್ಬೇಕು ಅಂತ ಗೊತ್ತಾಗೋದಿಲ್ಲ, ಬಿಸಾಕಿ ಬಿಡ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಂದ್ರೆ ಇಷ್ಟೇ, ಇಂಥ ನಂಬರಿನ ಪೋರ್ಟಿಗೆ ಬಂದಿದ್ದನ್ನ ಒಳಗಿನ ಇಂಥವರಿಗೆ ಕೊಡು ಅಂತ ರೂಟರಲ್ಲಿ ಮೊದಲೇ ಬರೆದಿಡೋದು. ಪೋರ್ಟ್ ನಂಬರು 65535 ರವರೆಗೆ ಇರ್ತವೆ, ಅದ್ರಲ್ಲಿ ಒಂದೋ ಎರಡೋ ನಮಗೆ ಬೇಕಾಗೋದು.

ಈಗ ತೊಂದರೆ ಎಲ್ಲಿ ಅಂದ್ರೆ, ಐಪಿವಿ4 ಅನ್ನೋ ಹಳೇ ಪದ್ಧತಿಯ ಅಡ್ರೆಸ್ಸುಗಳು ಸಾಕಾಗ್ತಾ ಇಲ್ಲ ಅಂತ ಸುಮಾರು ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನ ತುಂಬ ಗಿರಾಕಿಗಳಿಗೆ ಹಂಚ್ತವೆ, ಇದಕ್ಕೆ ಸಿಜಿನ್ಯಾಟ್ ಅಂತಾರೆ. ನಮ್ಮ ಕಡೆ ತೋಟದ ಬದಿಗೆ ಒಂದೊಂದೇ ಮನೆ ಇರೋ ಊರುಗಳಲ್ಲಿ ಪೇಪರು ಬಸ್ಸಲ್ಲಿ ಬಂದು ಕ್ರಾಸಿನ ಅಂಗಡೀಲಿ ಬೀಳ್ತದಲ್ಲ, ಹಾಗೇ. ಇಡೀ ಊರಿನದ್ದು ಅಲ್ಲೇ ಬಂದು ಬಿದ್ದಿರ್ತದೆ. ನೀವು ಮನೇಲಿ ಕೂತು ಆಯಿಗೆ "ನನ್ನ ಹೆಸರಿಗೆ ಬಂದಿದ್ದು ಮಾಳಿಗೆಗೆ ಕಳಿಸು" ಅಂತ ಎಷ್ಟು ಸಲ ಹೇಳಿದ್ರೂ ಅಂಗಡಿಯವರಿಗೆ ಅದು ಗೊತ್ತಾಗೋದಿಲ್ಲ, ಅವರು ಕಳಿಸ್ದೇ ಇದ್ರೆ ಮನೆವರೆಗೆ ಬರೋದೇ ಇಲ್ಲ. ನಿಮ್ಮ ರೂಟರಿನ ರೂಲು ಅಲ್ಲಿ ಆಯಿಗೆ ಹೇಳಿದ ಮಾತಿನ ಹಾಗೆ, ಸರಿಯಾಗೇ ಇರ್ತದೆ, ಉಪಯೋಗ ಇಲ್ಲ.

ನೋಡೋದು ಸುಲಭ. ಮನೆ ವೈಫೈಗೆ ಸೇರಿ ಬ್ರೌಸರಲ್ಲಿ ರೂಟರಿನ ಅಡ್ರೆಸ್ ಹೊಡೀರಿ, ಸಾಮಾನ್ಯ 192.168.1.1 ಅಥವಾ 192.168.0.1, ಕೆಲವು ಫೈಬರ್ ಡಬ್ಬಿಗಳಲ್ಲಿ 192.168.100.1. ಗೊತ್ತಿಲ್ಲದಿದ್ರೆ ಡಬ್ಬಿ ತಿರುಗಿಸಿ ಅಡಿಗೆ ಸ್ಟಿಕ್ಕರ್ ನೋಡಿ, ಯೂಸರ್ ನೇಮು ಪಾಸ್ವರ್ಡು ಕೂಡ ಅಲ್ಲೇ ಇರ್ತದೆ. ಒಳಗೆ ಹೋಗಿ ಸ್ಟೇಟಸ್ ಅಥವಾ ವ್ಯಾನ್ ಅನ್ನೋ ಪೇಜಲ್ಲಿ ವ್ಯಾನ್ ಐಪಿ ಅಂತ ಇರ್ತದೆ, ಅಂದ್ರೆ ರೂಟರಿನ ಹೊರಬದಿಯ ಐಪಿ, ಬರ್ಕಳಿ. ಆಮೇಲೆ ಅದೇ ವೈಫೈಯಲ್ಲಿ "ವಾಟ್ ಈಸ್ ಮೈ ಐಪಿ" ಅಂತ ಗೂಗಲ್ ಮಾಡಿ. ಎರಡೂ ಒಂದೇ ಇದ್ರೆ ಐಪಿ ನಿಮ್ಮದೇ, ಅಡ್ಡಿಲ್ಲೆ, ಮುಂದೆ ಹೋಗ್ಬಹುದು. ವ್ಯಾನ್ ಐಪಿ 100.64 ರಿಂದ 100.127 ರ ಒಳಗೆ ಶುರುವಾಗಿದ್ರೆ ಅದು ಸಿಜಿನ್ಯಾಟ್, ಆ ನಂಬರುಗಳನ್ನ 2012 ರಲ್ಲಿ ಇದಕ್ಕೇ ಅಂತ ಬೇರೆ ಇಟ್ಟಿದ್ದು. 10 ರಿಂದ ಶುರುವಾದ್ರೂ, 172.16 ರಿಂದ 172.31 ರವರೆಗಿದ್ರೂ ಹೆಚ್ಚಾಗಿ ಅದೇ ಕತೆ.

ವ್ಯಾನ್ ಐಪಿ 192.168 ಅಂತ ಇದ್ರೆ ಮಾತ್ರ ಗಾಬರಿ ಬೇಡ, ಅದು ನಿಮ್ಮ ಮನೆಯೊಳಗಿನ ಕತೆ. ಫೈಬರ್ ಹಾಕಿದವರು ಗೋಡೆಗೆ ಒಂದು ಡಬ್ಬಿ ಹೊಡ್ದಿರ್ತಾರೆ, ಓಎನ್‌ಟಿ ಅಂತಾರೆ, ಹಸಿರು ಮೂತಿಯ ಸಣ್ಣ ಫೈಬರ್ ವಯರು ಬರೋದು ಅದಕ್ಕೆ. ಮನೆ ದೊಡ್ಡದು, ಅಡಿಗೆಮನೆಗೆ ಸಿಗ್ನಲ್ ಬರೋದಿಲ್ಲ ಅಂತ ನೀವು ಇನ್ನೊಂದು ರೂಟರ್ ತಂದು ಅದಕ್ಕೆ ಜೋಡ್ಸಿರ್ತೀರಿ. ಈಗ ಎರಡು ಡಬ್ಬಿ, ಒಂದು ಐಪಿಯನ್ನ ಒಳಗಿನವರಿಗೆಲ್ಲ ಹಂಚೋ ಕೆಲಸಕ್ಕೆ ನ್ಯಾಟ್ ಅಂತಾರೆ, ಎರಡೂ ಅದನ್ನೇ ಮಾಡ್ತಾ ಇರ್ತವೆ, ಡಬಲ್ ನ್ಯಾಟ್. ಇದಕ್ಕೆ ಒಳ್ಳೆ ಪರಿಹಾರ ಅಂದ್ರೆ ಲೈನಿನವರಿಗೆ ಹೇಳಿ ಓಎನ್‌ಟಿಯನ್ನ ಬ್ರಿಡ್ಜ್ ಮೋಡಿಗೆ (ನ್ಯಾಟ್ ಮಾಡದೇ ಬರೀ ದಾಟಿಸೋ ಹಾಗೆ) ಹಾಕ್ಸಿ, ಪಿಪಿಪಿಒಇ ಅನ್ನೋ ಲೈನಿನ ಲಾಗಿನ್ನಿನ ಯೂಸರ್ ನೇಮ್ ಪಾಸ್ವರ್ಡ್ ಕೇಳಿ ತಗಂಡು ಅದನ್ನ ನಿಮ್ಮ ರೂಟರಲ್ಲಿ ಹಾಕೋದು. ಅಷ್ಟೆಲ್ಲ ಆಗೋದಿಲ್ಲ ಅಂದ್ರೆ ನಿಮ್ಮ ಎರಡನೇ ರೂಟರನ್ನ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆಗ ಅದು ಬರೀ ವೈಫೈ ಹಂಚ್ತದೆ, ರೂಲ್ ಎಲ್ಲ ಓಎನ್‌ಟಿಯಲ್ಲೇ ಹಾಕ್ಬೇಕು. ನಮ್ಮನೇಲಿ ಹಾಗೇ ಮಾಡಿದ್ದು.

ಸಿಜಿನ್ಯಾಟ್ ಅಂತ ಆದ್ರೆ ಎಂತ ಮಾಡೋದು? ಲೈನಿನವರಿಗೆ ಫೋನ್ ಮಾಡಿ "ಸ್ಟ್ಯಾಟಿಕ್ ಐಪಿ ಬೇಕು, ಅಥವಾ ಪಬ್ಲಿಕ್ ಐಪಿ ಆದ್ರೂ ಕೊಡಿ" ಅಂತ ಕೇಳಿ. ಸ್ಟ್ಯಾಟಿಕ್ ಅಂದ್ರೆ ಬದಲಾಗದ್ದು, ಅದಕ್ಕೆ ಬೇರೆ ದುಡ್ಡು ಕೇಳ್ತಾರೆ. ಬದಲಾಗೋ ಪಬ್ಲಿಕ್ ಐಪಿ ಆದ್ರೂ ಸಾಕು, ಅದಕ್ಕೆ ದಾರಿ ಮುಂದೆ ಹೇಳ್ತೆ. ಫೋನ್ ಎತ್ತೋ ಹುಡುಗಂಗೆ ಸಿಜಿನ್ಯಾಟ್ ಅಂದ್ರೆ ಗೊತ್ತಿಲ್ಲದೇ ಇರ್ಬಹುದು, ಆಗ ನಿಮ್ಮ ಎರಡೂ ಐಪಿ ಬರ್ಕಂಡಿದ್ದನ್ನ ಫೋಟೋ ಹೊಡೆದು ವಾಟ್ಸಪ್ ಮಾಡಿ, ಅದು ಮುಂದಿನವರಿಗೆ ಹೋಗ್ತದೆ, ನಮ್ಮದು ಬಗೆಹರಿದಿದ್ದು ಹಾಗೇ. ಲೈನಲ್ಲಿ ಹೊಸ ಪದ್ಧತಿಯ ಐಪಿವಿ6 ಇದ್ರೆ ಅದೂ ಒಂದು ದಾರಿ, ಅಲ್ಲಿ ನ್ಯಾಟ್ ಇಲ್ಲ, ಪೋರ್ಟ್ ಫಾರ್ವರ್ಡ್ ಬದಲು ರೂಟರಿನ ಫೈರ್‌ವಾಲಲ್ಲಿ ಆ ಡಿವೈಸಿಗೆ ಒಳಗೆ ಬರೋಕೆ ಬಿಡ್ಬೇಕು. ಯಾವುದೂ ಆಗಿಲ್ಲ ಅಂದ್ರೆ ಟೇಲ್‌ಸ್ಕೇಲ್ ಅನ್ನೋ ಆ್ಯಪ್ ಹಾಕ್ಕಳಿ, ಅದು ಎರಡೂ ಕಡೆಯಿಂದ ಹೊರಗೆ ಕನೆಕ್ಷನ್ ಮಾಡ್ಕಂಡು ಸೇರ್ಸ್ತದೆ, ಪೋರ್ಟ್ ತೆರೆಯೋದೇ ಬೇಡ. ಅದೂ 100 ರಿಂದ ಶುರುವಾಗೋ ಅಡ್ರೆಸ್ಸೇ ಕೊಡ್ತದೆ, ಅದನ್ನ ನೋಡಿ ಸಿಜಿನ್ಯಾಟ್ ಅಂದ್ಕಬೇಡಿ. ಇನ್ನು ಬರೀ ಕ್ಯಾಮರಾ ನೋಡಿದ್ರೆ ಸಾಕು, ವಿಡಿಯೋ ಕ್ಯಾಮರಾ ಕಂಪನಿಯವರ ಸರ್ವರ್ ನಂಬ್ಕಂಡು ಬಂದ್ರೂ ಅಡ್ಡಿಲ್ಲೆ ಅನ್ನೋರಿಗೆ ಕ್ಯಾಮರಾದ ಆ್ಯಪಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡೋದೇ ಸಾಕು. ನಂಗೆ ಮನೆ ಅಂಗಳ, ಜಗಲಿ ಎಲ್ಲ ಇನ್ಯಾರದ್ದೋ ಸರ್ವರನ್ನ ನೆಚ್ಕಂಡಿರೋದು ಬೇಡ ಅನ್ನಿಸ್ತು, ಅದಕ್ಕೇ ಈ ದಾರಿ.

ಐಪಿ ನಿಮ್ಮದೇ ಅಂತ ಆಯ್ತಲ್ಲ, ಈಗ ಒಳಗಿನ ಸಾಮಾನಿಗೆ ಒಂದು ಕಾಯಂ ಜಾಗ ಕೊಡ್ಬೇಕು. ರೂಟರು ಒಳಗಿನವರಿಗೆ ಐಪಿ ಹಂಚೋದು ಡಿಎಚ್‌ಸಿಪಿಯಿಂದ, ಕರೆಂಟ್ ಹೋಗಿ ಬಂದ್ರೆ ನಿನ್ನೆ 192.168.1.7 ಇದ್ದ ಡಬ್ಬಿಗೆ ಇವತ್ತು 192.168.1.12 ಬರ್ಬಹುದು, ನಿಮ್ಮ ರೂಲು ಹಳೇ ನಂಬರಿಗೇ ಕಳಿಸ್ತಾ ಕೂತಿರ್ತದೆ. ರೂಟರಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಅಂತ ಹುಡುಕಿ, ಡಿವೈಸಿನ ಮ್ಯಾಕ್ ಅಡ್ರೆಸ್ ಹಾಕಿ ಅದಕ್ಕೊಂದು ನಂಬರ್ ಕೊಡಿ. ಹನ್ನೆರಡು ಅಕ್ಷರ-ಅಂಕಿ ಇರೋದೇ ಮ್ಯಾಕ್, ಕನೆಕ್ಟ್ ಆಗಿರೋರ ಪಟ್ಟಿಯಲ್ಲಿ ಕಾಣ್ತದೆ, ಕಾಪಿ ಮಾಡಿ, ಕೈಯಲ್ಲಿ ಬರೀಬೇಡಿ, 8 ಕ್ಕೂ ಬಿ ಗೂ ತಪ್ಪಾಗ್ತದೆ.

ಇದ್ರ ಜೊತೆಗೇ ಇನ್ನೊಂದು ಕೆಲಸ ಮಾಡ್ಬಿಡಿ, ಮನೆಯ ಒಳಗಿನ ಐಪಿ ನಂಬರಿನ ಸಾಲನ್ನೇ 192.168.1 ಬಿಟ್ಟು 192.168.57 ಅಂತ ಎಂತಾದ್ರೂ ಬೇರೆ ಮಾಡಿ. ಕಾರಣ ಇದೆ. ಅಕ್ಕನ ಮನೆ ವೈಫೈಯೂ 192.168.1 ಇತ್ತು, ಅವಳು ಅಲ್ಲಿಂದ ನಮ್ಮನೆ 192.168.1.50 ಕ್ಕೆ ಹೋಗ್ತೆ ಅಂದ್ರೆ ಅವಳ ಫೋನು ತನ್ನದೇ ಮನೇಲಿ 50 ನಂಬರಿನವ ಯಾರು ಅಂತ ಹುಡುಕ್ತಿತ್ತು. ವಿಪಿಎನ್ (ಹೊರಗಿಂದ ಮನೆ ನೆಟ್‌ವರ್ಕಿಗೆ ಸೇರೋ ಗುಟ್ಟಿನ ದಾರಿ, ಮುಂದೆ ಹೇಳ್ತೆ) ಸೇರಿದ್ದು ತೋರಿಸ್ತದೆ, ಅಂಗಳ ಮಾತ್ರ ಕಾಣೋದಿಲ್ಲ, ಮೊಬೈಲ್ ಡೇಟಾದಲ್ಲಿ ಎಲ್ಲ ಸರಿ. ಇದನ್ನ ಕಂಡುಹಿಡಿಯೋಕೆ ತಲೆ ಸುಮಾರು ಬಿಸಿ ಆಯ್ತು.

ಈಗ ರೂಲ್ ಹಾಕೋದು. ಮೆನುವಿನ ಹೆಸರು ಒಂದೊಂದ್ರಲ್ಲಿ ಒಂದೊಂದು ಥರ, ಟಿಪಿ-ಲಿಂಕಲ್ಲಿ ನ್ಯಾಟ್ ಫಾರ್ವರ್ಡಿಂಗ್ ಒಳಗೆ ವರ್ಚುವಲ್ ಸರ್ವರ್ ಅಂತ ಅಥವಾ ನೇರ ಪೋರ್ಟ್ ಫಾರ್ವರ್ಡಿಂಗ್ ಅಂತ, ಆಸೂಸಲ್ಲಿ ವ್ಯಾನ್ ಒಳಗೆ, ಹುವಾವೇ ಓಎನ್‌ಟಿಯಲ್ಲಿ ಫಾರ್ವರ್ಡ್ ರೂಲ್ಸ್ ಒಳಗೆ ಪೋರ್ಟ್ ಮ್ಯಾಪಿಂಗ್. ಹೆಸರು ಯಾವುದೇ ಇರ್ಲಿ, ಕೇಳೋದು ನಾಲ್ಕೇ: ಹೊರಗಿನ ಪೋರ್ಟು, ಒಳಗಿನ ಐಪಿ, ಒಳಗಿನ ಪೋರ್ಟು, ಟಿಸಿಪಿಯಾ ಯುಡಿಪಿಯಾ (ಡೇಟಾ ಕಳಿಸೋ ಎರಡು ಬೇರೆ ಬೇರೆ ಪದ್ಧತಿ). ನಮ್ಮನೆ ರೂಲು ವೈರ್‌ಗಾರ್ಡ್ ಅನ್ನೋ ವಿಪಿಎನ್ನಿಂದು, ಹೀಗಿದೆ, ಹೊರಗಿನ ಪೋರ್ಟ್ 51820, ಒಳಗಿನ ಐಪಿ 192.168.57.50, ಒಳಗಿನ ಪೋರ್ಟ್ 51820, ಯುಡಿಪಿ. ಅಕ್ಕನ ಮಾಣಿ ಮೈನ್‌ಕ್ರಾಫ್ಟ್ ಸರ್ವರ್ ಹಾಕಿದ್ದ, ಅದಾದ್ರೆ ಕಂಪ್ಯೂಟರಿನ ಜಾವಾ ಆವೃತ್ತಿಗೆ 25565 ಟಿಸಿಪಿ, ಮೊಬೈಲಿನ ಬೆಡ್‌ರಾಕಿಗೆ 19132 ಯುಡಿಪಿ. ಟಿಸಿಪಿ ಯುಡಿಪಿ ಅದಲುಬದಲು ಆದ್ರೆ ರೂಲ್ ಇದ್ದೂ ಇಲ್ಲದ ಹಾಗೆ.

ಓಎನ್‌ಟಿಯಲ್ಲಿ ಹಾಕ್ವಾಗ ಇನ್ನೊಂದು ಡ್ರಾಪ್‌ಡೌನ್ ಇರ್ತದೆ, ವ್ಯಾನ್ ನೇಮ್ ಅಥವಾ ವ್ಯಾನ್ ಕನೆಕ್ಷನ್ ಅಂತ. ಇಲ್ಲಿ ಸುಮಾರು ಜನ ಎಡವ್ತಾರೆ. ಅದ್ರಲ್ಲಿ ಟಿಆರ್069 ಅಂತ ಒಂದು, ವಾಯ್ಸ್ ಅಥವಾ ವಾಯ್ಪ್ ಅಂತ ಒಂದು, ಇಂಟರ್ನೆಟ್ ಅಂತ ಒಂದು ಇರ್ಬಹುದು. ಟಿಆರ್069 ಅಂದ್ರೆ ಕಂಪನಿಯವರು ದೂರದಿಂದ ಡಬ್ಬಿ ನಿರ್ವಹಣೆ ಮಾಡೋಕೆ ಇಟ್ಕಂಡ ದಾರಿ, ವಾಯ್ಸ್ ಲ್ಯಾಂಡ್‌ಲೈನಿಗೆ. ನೀವು ಆರಿಸ್ಬೇಕಾಗಿದ್ದು ಇಂಟರ್ನೆಟ್ ಅಂತ ಹೆಸರಲ್ಲಿ ಇರೋದನ್ನೇ. ಆಮೇಲೆ ಎನೇಬಲ್ ಟಿಕ್ ಹಾಕಿ, ಅಪ್ಲೈ ಒತ್ತಿ, ಪೇಜನ್ನ ಒಮ್ಮೆ ಬಿಟ್ಟು ವಾಪಸ್ ಬಂದು ರೂಲು ಪಟ್ಟಿಯಲ್ಲಿ ಕೂತಿದೆಯಾ ನೋಡಿ.

ಈಗ ಯಾವ ಪೋರ್ಟ್ ತೆರೀಬೇಕು ಅನ್ನೋದು, ನಂಗೆ ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ದಣಪೆ ತೆಗೆದಿಟ್ಟು ಹೋದ್ರೆ ಎಂತಾಗ್ತದೆ ಅಂತ ಎಲ್ಲರಿಗೂ ಗೊತ್ತು, ಅರ್ಧ ಗಂಟೇಲಿ ಊರ ದನ ಎಲ್ಲ ಅಂಗಳದಲ್ಲಿ. ಪೋರ್ಟೂ ಹಾಗೇ, ತೆರೆದ ಕೂಡ್ಲೆ ಬರೀ ನೀವಲ್ಲ, ಇಡೀ ಪ್ರಪಂಚ ಆ ದಾರಿ ತಟ್ಟಬಹುದು, ಇಡೀ ಇಂಟರ್ನೆಟ್ಟನ್ನ ಹಗಲು ರಾತ್ರಿ ತಡಕ್ತಾ ಇರೋ ಪ್ರೋಗ್ರಾಮುಗಳು ಇದಾವೆ. 2016 ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರು ಕ್ಯಾಮರಾ, ಡಿವಿಆರು, ರೂಟರುಗಳಿಗೆ ಫ್ಯಾಕ್ಟರಿ ಪಾಸ್ವರ್ಡಲ್ಲೇ ನುಗ್ಗಿ ಸೈನ್ಯ ಕಟ್ಕಂಡು ಆ ಅಕ್ಟೋಬರಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತ್ತು. ಹಾಗಾಗಿ ವಿಡಿಯೋಗಳಲ್ಲಿ ಹೇಳ್ಕೊಡೋ ಹಾಗೆ ಎನ್‌ವಿಆರಿನ (ಕ್ಯಾಮರಾ ರೆಕಾರ್ಡ್ ಮಾಡೋ ಡಬ್ಬಿ) 80, 554, 8000 ಪೋರ್ಟುಗಳನ್ನ ಸೀದಾ ಹೊರಗೆ ಬಿಡ್ಬೇಡಿ ಅಂತ ನಾನು ಖಡಾಖಂಡಿತ ಹೇಳ್ತೆ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ 3389 ಅಂತೂ ಬೇಡವೇ ಬೇಡ. ಹೊರಗಿನ ನಂಬರ್ ಬದಲಿಸಿ 48554 ಅಂತ ಇಟ್ರೆ ಸಾಕಲ್ಲ ಅಂತ ಕೇಳ್ತಾರೆ, ಸಾಕಾಗೋದಿಲ್ಲ, ಹುಡುಕೋರು ಎಲ್ಲ ನಂಬರೂ ಹುಡುಕ್ತಾರೆ.

ನಾನು ತೆರೆದಿಟ್ಟಿದ್ದು ಒಂದೇ ಪೋರ್ಟು, ವೈರ್‌ಗಾರ್ಡ್ ವಿಪಿಎನ್ನಿಂದು. ಅದ್ರ ಗುಣ ಎಂತ ಅಂದ್ರೆ ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡೋದಿಲ್ಲ, ಹೊರಗಿನವರಿಗೆ ಅಲ್ಲೊಂದು ಬಾಗಿಲಿದೆ ಅಂತಲೇ ತಿಳಿಯೋದಿಲ್ಲ. ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಮಾಳಿಗೆ ಮೇಲೆ ಇಟ್ಟಿದ್ದೆ, ಆಮೇಲೆ ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್ ತಂದೆ, ಕರೆಂಟ್ ಬಂದ ಕೂಡ್ಲೆ ಅದು ತಾನೇ ಶುರುವಾಗ್ತದೆ. ಕೆಲವು ಹೊಸ ರೂಟರಲ್ಲಿ ವೈರ್‌ಗಾರ್ಡ್ ಸರ್ವರ್ ಒಳಗೇ ಇರ್ತದೆ, ಅದಿದ್ರೆ ಬೇರೆ ಡಬ್ಬಿಯೇ ಬೇಡ. ಫೋನಲ್ಲಿ ವೈರ್‌ಗಾರ್ಡ್ ಆ್ಯಪ್ ಹಾಕಿ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಸೇರ್ತದೆ, ಒಬ್ಬೊಬ್ರಿಗೆ ಒಂದೊಂದು ಬೇರೆ ಕೀ ಮಾಡಿ, ಯಾರಾದ್ರೂ ಫೋನ್ ಕಳ್ಕಂಡ್ರೆ ಅವರದ್ದು ಮಾತ್ರ ತೆಗೆದ್ರೆ ಆಯ್ತು. ಪೈಯಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಹೊರಗಿಂದ ಬಂದವರನ್ನ ಪೈ ತನ್ನದೇ ಹೆಸರಲ್ಲಿ ಒಳಗೆ ಕಳಿಸೋ ಹಾಗೆ ಮ್ಯಾಸ್ಕ್‌ವರೇಡ್ ಕೂಡ ಹಾಕ್ಬೇಕು, ಇವೆರಡು ಮರೆತ್ರೆ ಫೋನು ಪೈವರೆಗೆ ಬರ್ತದೆ, ಅಲ್ಲಿಂದ ಎನ್‌ವಿಆರಿಗೆ ದಾಟೋದಿಲ್ಲ.

ರೂಟರಲ್ಲೇ ಇನ್ನೂ ಮೂರು ನೋಡ್ಕಳಿ. ಅಡ್ಮಿನ್ ಪಾಸ್ವರ್ಡ್ ಬದಲಿಸಿ. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಯುಪಿಎನ್‌ಪಿ ಆಫ್ ಮಾಡಿ, ಅದು ಆನ್ ಇದ್ರೆ ಒಳಗಿನ ಯಾವ ಸಾಮಾನಾದ್ರೂ ನಿಮ್ಮನ್ನ ಕೇಳದೇ ಪೋರ್ಟ್ ತೆರ್ಕಂಡು ಕೂರ್ಬಹುದು. ಡಿಎಂಜೆಡ್ ಅಂತ ಒಂದು ಸೆಟ್ಟಿಂಗ್ ಇದೆ, ಎಲ್ಲ ಪೋರ್ಟನ್ನೂ ಒಂದೇ ಡಿವೈಸಿಗೆ ಬಿಡೋದು, ಯಾರೋ ಹೇಳಿದ್ರು ಅಂತ ಅದನ್ನ ಮುಟ್ಟಬೇಡಿ.

ಪರೀಕ್ಷೆ ಮಾಡ್ವಾಗ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದಲೇ ನೋಡಿ. ಮನೆ ಒಳಗಿಂದ ನಿಮ್ಮದೇ ಪಬ್ಲಿಕ್ ಐಪಿಗೆ ಹೋದ್ರೆ ಸುಮಾರು ರೂಟರುಗಳು ತಿರುಗಿಸಿ ಒಳಗೆ ಕಳಿಸೋದಿಲ್ಲ, ರೂಲ್ ಸರಿ ಇದ್ರೂ ಕೆಟ್ಟಿದೆ ಅನ್ನಿಸ್ತದೆ. ನಮ್ಮನೇಲಿ ಮೊಬೈಲ್ ಸಿಗ್ನಲ್ ಸಿಗೋದು ಹಿತ್ಲಿನ ಹಲಸಿನ ಮರದ ಹತ್ರ ಮಾತ್ರ, ಹಾಗಾಗಿ ನಾನು ಪರೀಕ್ಷೆ ಮಾಡಿದ್ದೆಲ್ಲ ಅಕ್ಕನ ಫೋನಿಂದ. ಟಿಸಿಪಿ ಪೋರ್ಟಾದ್ರೆ ಪೋರ್ಟ್ ಚೆಕ್ ಮಾಡೋ ವೆಬ್‌ಸೈಟು ಓಪನ್ ಇದೆಯಾ ಇಲ್ವಾ ಹೇಳ್ತವೆ, ಆದ್ರೆ ಆ ಹೊತ್ತಿಗೆ ಒಳಗೆ ಆ ಪ್ರೋಗ್ರಾಮ್ ನಡೀತಾ ಇರ್ಬೇಕು, ಕೇಳೋರೇ ಇಲ್ಲದಿದ್ರೆ ರೂಲ್ ಇದ್ರೂ ಕ್ಲೋಸ್ಡ್ ಅಂತಲೇ ಬರ್ತದೆ. ವೈರ್‌ಗಾರ್ಡಿಗೆ ಆ ವೆಬ್‌ಸೈಟುಗಳು ಉಪಯೋಗ ಇಲ್ಲ, ಅದು ಉತ್ತರ ಕೊಡೋದಿಲ್ಲವಲ್ಲ. ಆ್ಯಪಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅಂತ ಸೆಕೆಂಡು ಬಂದ್ರೆ ಆಯ್ತು ಅಂತ ಲೆಕ್ಕ. ಒಳಗಿನದು ವಿಂಡೋಸ್ ಕಂಪ್ಯೂಟರಾದ್ರೆ ಅದ್ರ ಫೈರ್‌ವಾಲಲ್ಲೂ ಆ ಪೋರ್ಟಿಗೆ ಅನುಮತಿ ಕೊಡ್ಬೇಕು, ರೂಟರ್ ಕೆಲಸ ಮುಗಿದಮೇಲೂ ತಡೀತಾ ಇರೋದು ಸುಮಾರು ಸಲ ಅದೇ.

ಸ್ಟ್ಯಾಟಿಕ್ ಐಪಿ ಇಲ್ಲದವರಿಗೆ ಡಿಡಿಎನ್‌ಎಸ್, ಅಂದ್ರೆ ಬದಲಾಗೋ ಐಪಿಗೆ ಒಂದು ಕಾಯಂ ಹೆಸರು ಕೊಡೋ ಸೇವೆ. ಐಪಿ ಬದಲಾದಾಗೆಲ್ಲ ಅಕ್ಕಂಗೆ ಹೊಸ ನಂಬರು ಹೇಳ್ತಾ ಕೂರೋಕಾಗೋದಿಲ್ಲ. ಡಕ್‌ಡಿಎನ್‌ಎಸ್ ಪುಕ್ಕಟೆ, ನೋಐಪಿಯಲ್ಲೂ ಪುಕ್ಕಟೆ ಇದೆ ಆದ್ರೆ ತಿಂಗಳಿಗೊಮ್ಮೆ ಅವರ ಮೇಲ್ ಬಂದಾಗ ಹೌದು ಬೇಕು ಅಂತ ಒತ್ತಬೇಕು. ಒಂದು ಹೆಸರು ತಗಳಿ, ಪೈಯಲ್ಲಿ ಐದು ನಿಮಿಷಕ್ಕೊಮ್ಮೆ ಐಪಿ ತಿಳಿಸೋ ಸಣ್ಣ ಸ್ಕ್ರಿಪ್ಟ್ ಹಾಕಿ, ಫೋನಿನ ವೈರ್‌ಗಾರ್ಡಲ್ಲಿ ಐಪಿ ಬದಲು ಆ ಹೆಸರು ಬರೀರಿ. ಐಪಿ ಬದಲಾದ ಹೊತ್ತಲ್ಲಿ ಫೋನಿನ ಟನೆಲ್ ಆನ್ ಇದ್ರೆ ಒಮ್ಮೆ ಆಫ್ ಮಾಡಿ ಆನ್ ಮಾಡ್ಬೇಕು, ಹೆಸರನ್ನ ಅದು ಶುರುವಿಗೆ ಮಾತ್ರ ನೋಡೋದು.

ಕೊನೇದಾಗಿ ಮಳೆ. ಏಪ್ರಿಲ್ ಮೇಯಲ್ಲಿ ಗುಡುಗು ಶುರುವಾದ ಮೇಲೆ ನಮ್ಮ ಕಡೆ ಎಷ್ಟು ರೂಟರು ಸುಟ್ಟು ಹೋಗ್ತವೆ ಅಂತ ಲೆಕ್ಕ ಇಲ್ಲ. ಫೈಬರಿನ ಗಾಜಲ್ಲಿ ಕರೆಂಟ್ ಹರಿಯೋದಿಲ್ಲ, ಫೈಬರ್ ಅಲ್ವಾ ಎಂತ ಆಗೋದಿಲ್ಲ ಅಂತ ಧೈರ್ಯ ಮಾಡ್ತಾರೆ, ಆದ್ರೆ ಸಿಡಿಲು ಬರೋದು ಕರೆಂಟಿನ ಲೈನಿಂದ, ಇಲ್ಲಾಂದ್ರೆ ಅಂಗಳದ ಕಂಬದ ಮೇಲಿನ ಕ್ಯಾಮರಾದಿಂದ ಬರೋ ತಾಮ್ರದ ಲ್ಯಾನ್ ವಯರಿಂದ. ಹಾಗಾಗಿ ನಾನು ಓಎನ್‌ಟಿ, ಪೈ, ಎನ್‌ವಿಆರ್ ಮೂರರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದು, ಆ ಬೋರ್ಡಿನ ಪ್ಲಗ್ಗಿಗೂ, ಹೊರಗಿನ ಕ್ಯಾಮರಾದ ಲ್ಯಾನ್ ವಯರಿನ ತುದಿಗೂ ಕೆಂಪು ಟೇಪು ಸುತ್ತಿಟ್ಟಿದ್ದೆ. ಮೋಡ ಕಪ್ಪಾದ ಕೂಡ್ಲೆ ಆಯಿ ಕೆಂಪು ಟೇಪಿನ ಎರಡನ್ನೂ ಕಿತ್ತಿಡ್ತಾಳೆ, ಮಳೆ ನಿಂತ ಮೇಲೆ ಹಾಕ್ತಾಳೆ. ಓಎನ್‌ಟಿ ಹಸಿರು ಲೈಟು ಬರ್ತದೆ, ಪೈ ಏಳ್ತದೆ, ರಿಸರ್ವ್ ಮಾಡಿದ 50 ನಂಬರೇ ಅದಕ್ಕೆ ಸಿಗ್ತದೆ, ಹೊಸ ಐಪಿ ಬಂದಿದ್ರೆ ಸ್ಕ್ರಿಪ್ಟು ತಿಳಿಸ್ತದೆ, ಐದಾರು ನಿಮಿಷದಲ್ಲಿ ಕಾರವಾರದಲ್ಲಿ ಅಕ್ಕಂಗೆ ಒದ್ದೆ ಅಂಗಳ ಕಾಣ್ತದೆ.